ಗೆಳತಿಯರಿಗೆ ದಿಲ್ಲಿ ತೋರಿಸಹೋಗಿ

ದಿಲ್ಲಿಯಲ್ಲಿ ವಾಸವಾಗಿರುವವರು ದಿಲ್ಲಿಯನ್ನು ನೋಡುವುದಿಲ್ಲ, ತೋರಿಸುತ್ತಾರೆ. ಕುತುಬ್ ಮಿನಾರನ್ನು ನಾನು ನನಗಾಗಿ ಒಮ್ಮೆಯೂ ನೋಡಿದವಳಲ್ಲ; ಊರಿನಿಂದ ಬಂದ ಅತಿಥಿಗಳ ಬೆನ್ನ ಹಿಂದೆ, ಅವರ ಸ್ವೆಟರು, ನೀರಿನ ಬಾಟಲಿ, ಕಿತ್ತಳೆ ಹಣ್ಣಿನ ಚೀಲಗಳ ಅಧಿಕೃತ ಪಾಲಕಿಯಾಗಿ ಎಷ್ಟು ಸಲ ಹೋಗಿದ್ದೇನೆಂದರೆ ಅಲ್ಲಿನ ಗಿಳಿಗಳಿಗೂ ನನ್ನ ಗುರುತು ಹತ್ತಿರಬೇಕು. ಕಾಲಕ್ರಮೇಣ ನನ್ನ ವಿವರಣೆಗಳಿಗೆ ಇತಿಹಾಸದ ಹಂಗು ತಪ್ಪಿಹೋಗಿ, ಯಾವ ಸುಲ್ತಾನ ಯಾರ ಅಳಿಯ ಎಂಬುದನ್ನು ಕೇಳುಗರ ಮುಖಭಾವ ನೋಡಿ ಅಲ್ಲಲ್ಲೇ ತೀರ್ಮಾನಿಸುವ ಸ್ವಾತಂತ್ರ್ಯವನ್ನು ಸಂಪಾದಿಸಿಕೊಂಡಿದ್ದೇನೆ. ನೀವೂ ಪರಸ್ಥಳದಲ್ಲಿ ಮನೆ ಮಾಡಿದವರಾದರೆ ಈ ಕಸುಬಿನ ಕಷ್ಟ ನಿಮಗೆ ಗೊತ್ತು. ಅತಿಥಿಗಳು ಮಿನಾರನ್ನು ನೋಡಿ ‘ಅಬ್ಬಾ’ ಎಂದರೆ ಅದನ್ನು ನಾವೇ ಕಟ್ಟಿಸಿದಂತೆ ಬೀಗುತ್ತೇವೆ, ‘ಇಷ್ಟೇನಾ?’ ಎಂದರೆ, ಇಂಥ ಊರಿಗೆ ಬಂದು ಇಡೀ ಆಯುಷ್ಯ ಕಳೆದೆಯಲ್ಲ ಎಂದು ನಮ್ಮ ಜಾತಕವನ್ನೇ ಜರೆದಂತೆ ಕುಗ್ಗುತ್ತೇವೆ.

ಕಳೆದ ಚಳಿಗಾಲದಲ್ಲಿ ನನ್ನ ಮನೆಗೆ ಬಂದವರು ‘ಇಷ್ಟೇನಾ’ ಪಂಗಡದವರು. ಶಾರದೆ ಮತ್ತು ವಿಮಲ, ತುಮಕೂರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನನ್ನೊಂದಿಗೆ ಒಂದೇ ಕೋಣೆಯಲ್ಲಿದ್ದವರು. ಶಾರದೆ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದರೂ ಮುಖ್ಯೋಪಾಧ್ಯಾಯಿನಿತನ ಅವಳಿಂದ ನಿವೃತ್ತವಾಗಿಲ್ಲ. ಅವಳು ರೈಲಿನಿಂದ ಇಳಿದರೆ ಪ್ಲಾಟ್‌ಫಾರಮ್ಮು ತಾನಾಗಿಯೇ ಸಾಲಾಗಿ ನಿಂತಂತೆ ಕಾಣುತ್ತದೆ. ವಿಮಲ ಇದಕ್ಕೆ ತದ್ವಿರುದ್ಧ, ಮೆಲುದನಿಯವಳು. ಗಂಡನಿಗೆ ಫೋನು ಮಾಡಿ ‘ರೀ, ಇಲ್ಲಿ ಚಳಿ, ಎರಡು ಸ್ವೆಟರ್ ಹಾಕ್ಕೊಳ್ಳಲಾ?’ ಎಂದು ಕೇಳುವಷ್ಟು ವಿಧೇಯೆ. ಈ ಇಬ್ಬರಿಗೂ ಗೊತ್ತಿರುವ ನಾನಾದರೋ ‘ಮೂಕಿ ಪದ್ಮ’. ಹಾಜರಿ ಕರೆದಾಗ ದನಿ ಹೊರಡದೆ ಬರೀ ಕೈಯೆತ್ತುತ್ತಿದ್ದುದರಿಂದ, ಕನ್ನಡಕ ತೆಗೆದಿಟ್ಟು ಹಾಜರಿ ಕರೆಯುವ ಚಟವಿದ್ದ ಮೇಷ್ಟರೊಬ್ಬರ ಪುಸ್ತಕದಲ್ಲಿ ನಾನು ಮುಂದಿನ ಬೆಂಚಿನಲ್ಲೇ ಕುಳಿತು ವರ್ಷವಿಡೀ ಗೈರುಹಾಜರಾಗಿದ್ದೆ.

ಮೊದಲ ದಿನ ಅವರನ್ನು ಕೆಂಪುಕೋಟೆಗೆ ಕರೆದೊಯ್ದೆ. ಅಂದು ಸೋಮವಾರ, ಸೋಮವಾರ ಕೋಟೆಯ ಬಾಗಿಲು ತೆರೆಯುವುದಿಲ್ಲವೆಂಬುದು ಪ್ರವಾಸಿಗಳಿಗೆಲ್ಲ ತಿಳಿದ ಸಂಗತಿಯಾದ್ದರಿಂದ ಅಲ್ಲಿ ನಮ್ಮನ್ನು ಬಿಟ್ಟರೆ ಪಾರಿವಾಳಗಳು ಮಾತ್ರ ಇದ್ದವು. ಅಲ್ಲಿಂದ ಇಂಡಿಯಾ ಗೇಟಿಗೆ ಹೋದರೆ, ಹೊಗೆಯೋ ಮಂಜೋ ಎಂದು ಹೇಳಲಾಗದ ಬೂದುಬಣ್ಣದ ಪದಾರ್ಥವೊಂದು ಇಡೀ ಬಯಲನ್ನು ನುಂಗಿ ಕುಳಿತಿತ್ತು.

“ಎಲ್ಲೇ ಗೇಟು?” ಎಂದಳು ಶಾರದೆ.

“ಅಲ್ಲೇ ನೋಡು, ಎದುರಿಗೇ” ಎಂದು ನಾನು ನಂಬಿಕೆಯ ಮೇಲೆ ಬೆರಳು ತೋರಿದೆ.

“ಪದ್ದೀ, ಈ ಗಾಳಿ ಕುಡ್ಕೊಂಡು ಹೇಗೆ ಬದುಕಿದೀಯೇ? ನನಗೆ ಬೆಳಗ್ಗೆಯಿಂದ ಗಂಟಲು ಕೆರೀತಾ ಇದೆ.”

ಗಾಳಿಯ ವಿಷಯದಲ್ಲಿ ದಿಲ್ಲಿಯ ಪರವಾಗಿ ವಾದಿಸಬಲ್ಲ ವಕೀಲ ಇನ್ನೂ ಹುಟ್ಟಿಲ್ಲ. ನಾನೂ ಪ್ರತಿ ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಕೆಮ್ಮುತ್ತಲೇ ಇರುತ್ತೇನೆ. ‘ಅಚ್ಛಾ ಚಲೋ, ಮನೆಗೆ ಹೋಗಿ ಕಷಾಯ ಮಾಡ್ತೀನಿ’ ಎಂದೆ. ನನ್ನ ಅಚ್ಛಾ, ಚಲೋಗಳನ್ನು ಕೇಳಿ ಶಾರದೆ ವಿಮಲಳ ಕಡೆ ನೋಡಿ ಹುಬ್ಬೇರಿಸಿದಳು. ನನ್ನ ಮೇಲಿನ ದೋಷಾರೋಪಣ ಪಟ್ಟಿಗೆ ಭಾಷಾಭ್ರಷ್ಟತೆಯೂ ಸೇರಿದ್ದು ಆಗ.

ಮರಳಿ ಜನಕಪುರಿಯ ನನ್ನ ಮನೆಗೆ ಮೆಟ್ರೋದಲ್ಲಿ ಬರುವಾಗ ಒಂದು ಸಣ್ಣ ಪ್ರಕರಣ ನಡೆಯಿತು. ಹೆಂಗಸರಿಗೆ ಮೀಸಲಾದ ಡಬ್ಬಿಯಲ್ಲಿ ಗಟ್ಟಿಮುಟ್ಟಾದ ಗಂಡಸೊಬ್ಬ ಕಾಲು ಚಾಚಿ ಕುಳಿತಿದ್ದ. ಮಂಡಿನೋವಿನ ವಿಮಲ ಕಂಬ ಹಿಡಿದು ತೂಗಾಡುತ್ತಿದ್ದಳು. ನಾನು ಅವನ ಮುಂದೆ ನಿಂತು, “ಭಾಯಿಸಾಬ್, ಪಢನಾ ಆತಾ ಹೈ ಕಿ ನಹೀಂ?” ಎಂದೆ. ಓದಲು ಬರುತ್ತದೋ ಇಲ್ಲವೋ ಎಂಬ ಈ ಪ್ರಶ್ನೆಗೆ ಅವನು ನಕ್ಕು ಫೋನಿನತ್ತ ತಿರುಗಿದ. ಆಮೇಲೆ ನಾನಾಡಿದ್ದನ್ನೆಲ್ಲ ಇಲ್ಲಿ ಬರೆಯಲಾರೆ. ಬರೆದರೂ ಲಿಪಿ ಒಪ್ಪಲಾರದು. ಅವನ ಪಾಲನೆ ಪೋಷಣೆ, ಅವನ ತಾಯಿ ಇದನ್ನು ಕಂಡರೆ ಪಡಬಹುದಾದ ಸಂಕಟ, ಅವನ ಕಾಲುಗಳ ಅನವಶ್ಯಕ ಉದ್ದ ಇವೆಲ್ಲವನ್ನೂ ಆರೋಹಣಕ್ರಮದಲ್ಲಿ ನಿರೂಪಿಸುವಷ್ಟರಲ್ಲಿ ಇಡೀ ಡಬ್ಬಿಯ ಹೆಂಗಸರು ಕೋರಸ್ಸಿಗೆ ಸೇರಿಕೊಂಡರು, ಅವನು ಮುಂದಿನ ನಿಲ್ದಾಣದಲ್ಲಿ ಇಳಿದುಹೋದ. ನಾನು ವಿಮಲಳನ್ನು ಕೂರಿಸಿದೆ.

“ಇದು ನಮ್ಮ ಪದ್ದೀನಾ?” ಎಂದು ವಿಮಲ ಬೆರಗಿನಿಂದ ಕೇಳಿದಳು.

ಅವಳಿಗೆ ಉತ್ತರ ಹೇಳಬೇಕಾದರೆ ಕರೋಲ್ ಬಾಗಿನ ಬೀಬೀಜಿಯ ವಿಷಯ ಹೇಳಬೇಕಾಗಿತ್ತು. ನೌಕರಿ ಸಿಕ್ಕಿ ದಿಲ್ಲಿಗೆ ಬಂದ ಹೊಸತರಲ್ಲಿ ನಾನು ಆಕೆಯ ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಕೆಳಗಿನ ಮನೆಯವರು ಬೆಳಗಿನ ನೀರನ್ನೆಲ್ಲ ಹಿಡಿದುಕೊಂಡು ನನಗೆ ಬರೀ ನಲ್ಲಿಯ ಸದ್ದನ್ನು ಬಿಡುತ್ತಿದ್ದರು. ನಾನು ಖಾಲಿ ಬಕೆಟ್ಟಿನ ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತ ಕೂರುತ್ತಿದ್ದೆ. ಒಂದು ದಿನ ಬೀಬೀಜಿ ನನ್ನ ರಟ್ಟೆ ಹಿಡಿದು ಕೆಳಗಿನವರ ಬಾಗಿಲ ಮುಂದೆ ನಿಲ್ಲಿಸಿ, “ಬೋಲ್! ಮುಂಹ್ ಮೇಂ ದಹೀ ಜಮಾ ಹೈ ಕ್ಯಾ?” ಎಂದು ಗದರಿದಳು. ಬಾಯಲ್ಲಿ ಮೊಸರು ಹೆಪ್ಪುಗಟ್ಟಿದೆಯೇನೇ ಎಂದು ಅರ್ಥ. ಹುಟ್ಟಿದಂದಿನಿಂದ ಹೆಪ್ಪುಗಟ್ಟಿದ್ದ ಮೊಸರು ಅಂದು ಒಡೆಯಿತು. ಲಿಂಗ ವಚನಗಳೆಲ್ಲ ತಲೆಕೆಳಗಾದ ಹಿಂದಿಯಲ್ಲಿ ನಾನು ಕೂಗಾಡಿದೆ, ನೀರೂ ಬಂತು. ಸಭ್ಯರಾದವರು ಪರಭಾಷೆಯನ್ನು ಕಾವ್ಯದಿಂದ ಕಲಿಯುತ್ತಾರಂತೆ, ನಾನು ಕಲಹದಿಂದ ಕಲಿತೆ. ಹಾಗೆ ಕಲಿತ ಭಾಷೆಯಲ್ಲೇ ಕಚೇರಿಯಲ್ಲಿ ನನ್ನ ಬಡ್ತಿಗಾಗಿ ಹೋರಾಡಿದೆ, ಒಂಟಿ ಹೆಂಗಸಿಗೆ ಮನೆ ಮಾರುವುದಿಲ್ಲವೆಂದವನಿಂದಲೇ ಜನಕಪುರಿಯ ಈ ಪುಟ್ಟ ಮನೆಯನ್ನು ಕೊಂಡುಕೊಂಡೆ.

ಮರುದಿನ ಮಧ್ಯಾಹ್ನ ಅದೃಷ್ಟವಶಾತ್ ಬಿಸಿಲು ಬಂತು. ಹೌಜ್ ಖಾಸಿಗೆ ಹೋದೆವು. ಹಳೆಯ ಮದರಸಾದ ಕಲ್ಲುಮೆಟ್ಟಿಲುಗಳ ಮೇಲೆ ಕುಳಿತು ಕೆಳಗಿನ ಕೆರೆಯನ್ನು ನೋಡುತ್ತ ಕಡಲೆಕಾಯಿ ಬಿಡಿಸುತ್ತಿದ್ದೆವು. ಶಾರದೆ ಮೊದಲ ಸಲ ‘ಪರವಾಗಿಲ್ಲ’ ಎಂದಳು. ನಾನು ಬೀಗಲು ಸಿದ್ಧಳಾಗುತ್ತಿದ್ದೆ. ಅಷ್ಟರಲ್ಲಿ ಅವಳ ಫೋನು ಹಾಡಿತು. ತೆರೆಯ ಮೇಲೆ ನನ್ನ ಅಣ್ಣ ನಂಜುಂಡನ ಮುಖ.

“ಇಲ್ಲೇ ಇದಾಳೆ ಅಣ್ಣ, ಕೊಡ್ತೀನಿ” ಎಂದು ಶಾರದೆ ಫೋನನ್ನು ನನ್ನ ಮುಂದೆ ಹಿಡಿದಳು.

“ಪದ್ಮಾ, ಮಾರ್ಚಿಗೆ ರಿಟೈರ್ ಅಲ್ವಾ ನೀನು? ನಮ್ಮ ಮೇಲಿನ ಮನೆ ಖಾಲಿ ಮಾಡ್ಸಿದೀನಿ. ಬಣ್ಣ ಹೊಡೀತಾ ಇದಾರೆ. ಏಪ್ರಿಲ್ಲಲ್ಲಿ ಲಾರಿಗೆ ಹೇಳ್ತೀನಿ, ನೀನು ಸಾಮಾನು ಕಟ್ಟಿಟ್ಕೋ. ಅಲ್ಲಿನ ಮನೆ ಮಾರೋದಕ್ಕೆ ನಮ್ಮ ಪರಿಚಯದೋರು ಒಬ್ರು ಬರ್ತಾರೆ.”

ಅಣ್ಣ ಕೆಟ್ಟವನಲ್ಲ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವನು ಅವನೇ. ಆದರೆ ಅವನು ಮಾತಾಡುವುದು, ನಾನು ಹೂಂಗುಡುವುದು ಎಂಬ ಏರ್ಪಾಡು ನಮ್ಮ ನಡುವೆ ಎಷ್ಟು ಪುರಾತನವೆಂದರೆ, ನಾನು ಬೇರೇನಾದರೂ ಹೇಳಬಹುದೆಂಬ ಕಲ್ಪನೆ ಅವನಿಗಿರಲಿ, ನನಗೇ ಇರಲಿಲ್ಲ. ‘ಹೂಂ’ ಎನ್ನಲು ಬಾಯಿ ತೆರೆದೆ. ಬಂದದ್ದು ಬೇರೆ.

“ಮೈಂ ಕಹೀಂ ನಹೀಂ ಜಾವೂಂಗೀ! ಮುಝ್‌ಸೇ ಪೂಛಾ ಕಿಸೀ ನೇ?”

ಎಲ್ಲಿಗೂ ಹೋಗುವುದಿಲ್ಲ, ನನ್ನನ್ನು ಯಾರಾದರೂ ಕೇಳಿದಿರಾ ಎಂದು ನಾನು ಕೂಗಿದ ರಭಸಕ್ಕೆ ಗುಮ್ಮಟದ ಪಾರಿವಾಳಗಳು ಎದ್ದವು. ಪಕ್ಕದ ಕಮಾನಿನಲ್ಲಿ ಕುಳಿತಿದ್ದ ಪ್ರೇಮಿಗಳು ತಮಗೇ ಹೇಳಿದ್ದೆಂದು ತಿಳಿದು ದೂರ ಸರಿದರು. ತುಮಕೂರಿನಿಂದಾಚೆ ಹೆಚ್ಚು ತಿರುಗದ ಅಣ್ಣ ಫೋನಿನೊಳಗಿಂದ ಗಾಬರಿಯಾಗಿ, “ಏನಂದ್ಲು ಶಾರದಾ? ಏನಾಯ್ತು ಅವಳಿಗೆ?” ಎಂದ.

“ಸಿಗ್ನಲ್ ಸರಿ ಇಲ್ಲ ಅಣ್ಣ, ಆಮೇಲೆ ಮಾಡ್ತೀವಿ” ಎಂದು ಶಾರದೆ ಫೋನು ಆರಿಸಿದಳು. ಆಮೇಲೆ ನನ್ನತ್ತ ತಿರುಗಿದಳು. “ನಾವು ಬಂದಿದ್ದೇ ಇದಕ್ಕೆ ಕಣೇ. ನಂಜುಂಡಣ್ಣನೇ ಹೇಳಿ ಕಳಿಸಿದ್ದು, ಹೋಗಿ ಅವಳನ್ನ ಒಪ್ಪಿಸ್ಕೊಂಡು ಬನ್ನಿ ಅಂತ. ನಿನ್ನ ಒಳ್ಳೇದಕ್ಕೇ ಅಲ್ವಾ? ನಾಳೆ ಬಿದ್ದರೆ ಎತ್ತೋರು ಯಾರು ಇಲ್ಲಿ? ಏನಿದೆ ಅಂತ ಈ ಹಾಳೂರಲ್ಲಿ ಇರ್ತೀಯಾ?”

“ಹಾಳೂರೇ ಇರಲಿ. ನಂದು” ಎಂದೆ.

ಮರಳಿ ಬರುವಾಗ ಆಟೋದಲ್ಲಿ ಶಾರದೆ ಒಂದು ತುದಿಗೆ, ನಾನು ಇನ್ನೊಂದು ತುದಿಗೆ ಕುಳಿತೆವು. ಪ್ರವಾಸಕ್ಕೆಂದು ಬಂದವರು ರಾಯಭಾರಕ್ಕೆ ಬಂದವರೆಂದು ತಿಳಿದ ಸಿಟ್ಟು ಒಂದು ಕಡೆ; ಅದಕ್ಕಿಂತ ಹೆಚ್ಚಾಗಿ ನನ್ನನ್ನು ಚುಚ್ಚುತ್ತಿದ್ದುದು ಆ ಹಿಂದಿ. ನನ್ನ ಅಣ್ಣನಿಗೆ, ನನ್ನ ಬದುಕಿನ ವಿಷಯದಲ್ಲಿ, ‘ಇಲ್ಲ’ ಎಂಬ ಎರಡಕ್ಷರ ನನ್ನ ತಾಯಿನುಡಿಯಲ್ಲಿ ಏಕೆ ಹುಟ್ಟಲಿಲ್ಲ? ಕನ್ನಡದಲ್ಲಿ ಆ ಪದವಿಲ್ಲವೇ? ಇದೆ, ಆದರೆ ನನಗೆ ಅದನ್ನು ಬಳಸಿ ಅಭ್ಯಾಸವಿಲ್ಲ. ನಾನು ಕಲಿತ ಕನ್ನಡ ಹೂಂಗುಡುವ ಕನ್ನಡ, ‘ಹಾಗೇ ಆಗ್ಲಿ’ ಎನ್ನುವ ಕನ್ನಡ. ಹದಿನಾರಾಣೆ ಶುದ್ಧ, ಆದರೆ ಬೆನ್ನುಮೂಳೆಯಿಲ್ಲದ್ದು. ಶಾರದೆ ಹುಬ್ಬೇರಿಸಬೇಕಾಗಿದ್ದುದು ನನ್ನ ಅಚ್ಛಾ, ಚಲೋಗಳಿಗಲ್ಲ. ಹಾಗೆಂದು ಜಗಳದ ಹಕ್ಕನ್ನೆಲ್ಲ ಹಿಂದಿಗೆ ಬರೆದುಕೊಟ್ಟು ಕನ್ನಡವನ್ನು ಅಣ್ಣನ ಪಾಲಿಗೆ ಬಿಟ್ಟುಬಿಡಲೇ? ಅದು ಅವನಿಗೆಷ್ಟೋ ನನಗೂ ಅಷ್ಟೇ ಪಿತ್ರಾರ್ಜಿತ.

ಮಾರನೆಯ ದಿನದ ಆಗ್ರಾ ಪ್ರವಾಸವನ್ನು ನಾನು ರದ್ದುಮಾಡಿದೆ. ಶಾರದೆ ದುರುಗುಟ್ಟಿದಳು, ತಾಜಮಹಲು ಓಡಿಹೋಗುವುದಿಲ್ಲವೆಂದೆ. ಬೆಳಗಿನ ತಿಂಡಿ ಮುಗಿಸಿ ಅವರಿಬ್ಬರನ್ನೂ ಮನೆಯ ಮುಂದಿನ ಪಾರ್ಕಿಗೆ ಕರೆತಂದೆ. ಚಳಿಗಾಲದ ಬಿಸಿಲು ಬಂದರೆ ನಮ್ಮ ಬ್ಲಾಕಿನ ಹೆಂಗಸರೆಲ್ಲ ಚಾಪೆ, ಮೋಡಾ ಎಂಬ ಬೆತ್ತದ ಪೀಠಗಳ ಸಮೇತ ಅಲ್ಲಿ ಬೀಡುಬಿಟ್ಟು ಹಸಿ ಬಟಾಣಿ ಸುಲಿಯುತ್ತ ಊರಿನ ಸಮಾಚಾರವನ್ನೂ ಜೊತೆಗೇ ಸುಲಿಯುತ್ತಾರೆ. ಕೆಳಮನೆಯ ಖುರಾನಾ ಆಂಟಿ ವಿಮಲಳ ಮಡಿಲಿಗೆ ಒಂದು ರಾಶಿ ಬಟಾಣಿಕಾಯಿ ಸುರಿದು, ತನ್ನ ಸೊಸೆಯ ಮೇಲಿನ ದೂರನ್ನು ಪಂಜಾಬಿಯಲ್ಲಿ ಆರಂಭಿಸಿದಳು. ವಿಮಲ ಒಂದಕ್ಷರವೂ ತಿಳಿಯದೆ, ತಕ್ಕ ಕಡೆಯಲ್ಲೆಲ್ಲ ‘ಅಯ್ಯೋ ಪಾಪ’ ಎನ್ನುತ್ತಿದ್ದಳು. ಶಾರದೆ ಸ್ವಲ್ಪ ದೂರದಲ್ಲಿ ಬೆನ್ನು ತಿರುಗಿಸಿ ಕುಳಿತು ಮುನಿಸನ್ನು ಬಿಸಿಲಿಗೆ ಹರವಿದ್ದಳು.

ನಾನು ಅಣ್ಣನಿಗೆ ಫೋನು ಮಾಡಿದೆ. ಎದೆ ಹಾಜರಿಯ ಹೊತ್ತಿನಂತೆ ಹೊಡೆದುಕೊಳ್ಳುತ್ತಿತ್ತು.

“ಅಣ್ಣಾ, ನಾನು ಪದ್ಮ. ನಾನು ಬರಲ್ಲ.”

“ಎಲ್ಲಿಗೆ?”

“ಅಲ್ಲಿಗೆ. ಮೇಲಿನ ಮನೆಗೆ. ನಾನು ಇಲ್ಲೇ ಇರ್ತೀನಿ.”

ಅತ್ತ ಕಡೆ ಬಣ್ಣದವರು ಏಣಿ ಎಳೆಯುವ ಸದ್ದು ಕೇಳುತ್ತಿತ್ತು. “ಅಲ್ಲಿ ನಿನಗೆ ಯಾರಿದಾರೆ ಪದ್ಮಾ?” ಎಂದ. ಆ ದನಿಯಲ್ಲಿ ಆಜ್ಞೆಯಿರಲಿಲ್ಲ, ನಿಜವಾದ ಗಾಬರಿಯಿತ್ತು.

“ನಾನಿದೀನಿ” ಎಂದೆ. “ಅಕ್ಕಪಕ್ಕದವರಿದಾರೆ. ಜ್ವರ ಬಂದರೆ ಡಾಕ್ಟರ ಹತ್ರ ಹೋಗ್ತೀನಿ, ಬಿದ್ದರೆ ಕೂಗ್ತೀನಿ. ನನಗೆ ಕೂಗೋಕೆ ಬರತ್ತೆ ಅಣ್ಣ. ನಿನಗೆ ಗೊತ್ತಿಲ್ಲ ಅಷ್ಟೆ.”

“ನಿನ್ನೆ ಗೊತ್ತಾಯ್ತು” ಎಂದ ಅಣ್ಣ. ಅದು ನಗೆಯೋ ನೋವೋ ನನಗೆ ತಿಳಿಯಲಿಲ್ಲ. ಆಮೇಲೆ ಕೇಳಿದ: “ಹಬ್ಬಕ್ಕಾದ್ರೂ ಬರ್ತೀಯಾ?”

“ಬರ್ತೀನಿ. ಬಂದು ಹೋಗ್ತೀನಿ.”

ಹೇಳಿದ ಮೇಲೆ ನನಗೇ ಕಿವಿ ನಿಮಿರಿತು. ಮನೆ ಬಿಟ್ಟು ಹೊರಡುವಾಗ ‘ಹೋಗಿ ಬರ್ತೀನಿ’ ಎನ್ನುವುದು ನಮ್ಮ ನುಡಿಯ ರೂಢಿ. ಹೋಗುವುದು ನೆವ, ಬರುವುದು ನಿಜ. ತೌರಿನ ಮಟ್ಟಿಗೆ ನಾನು ಆ ಎರಡು ಕ್ರಿಯಾಪದಗಳ ಜಾಗವನ್ನು ಅದಲುಬದಲು ಮಾಡಿದ್ದೆ. ಅಣ್ಣನಿಗೂ ಅದು ಕೇಳಿಸಿರಬೇಕು. “ಆಯ್ತಮ್ಮ” ಎಂದು ಮೆಲ್ಲಗೆ ಫೋನಿಟ್ಟ.

ಕಣ್ಣು ಮಂಜಾಗಿತ್ತು, ಈ ಸಲ ಹೊಗೆಯ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಶಾರದೆ ಈಗಲೂ ತಿರುಗಿ ನೋಡಲಿಲ್ಲ. ವಿಮಲ ಮಾತ್ರ ಮಡಿಲಿನ ಸಿಪ್ಪೆ ಕೊಡವಿ ಎದ್ದು, ತನ್ನ ಫೋನು ತೆಗೆದುಕೊಂಡು ಬೇವಿನ ಮರದ ಬಳಿಗೆ ಹೋದಳು. ಅವಳ ಮೆಲುದನಿ ಎಂದಿನಂತೆಯೇ ಇತ್ತು, ಆದರೆ ಪಾರ್ಕು ಆ ಹೊತ್ತಿಗೆ ಯಾಕೋ ನಿಶ್ಶಬ್ದವಾಗಿದ್ದುದರಿಂದ ನಮಗೆಲ್ಲ ಕೇಳಿಸಿತು.

“ರೀ, ನಾನು ಇನ್ನೊಂದು ವಾರ ಇದ್ದು ಬರ್ತೀನಿ... ಇಲ್ಲ, ಟಿಕೆಟ್ ಬದಲಾಯಿಸ್ಕೊಳ್ತೀನಿ... ಇಲ್ಲ ರೀ, ಕೇಳ್ತಾ ಇಲ್ಲ. ಹೇಳ್ತಾ ಇದೀನಿ.”

“ಹಾಳಾಗಿ ಹೋಗಿ ಇಬ್ರೂ” ಎಂದಳು ಶಾರದೆ, ಆಕಾಶದ ಕಡೆ ನೋಡುತ್ತ. ಆಮೇಲೆ ಕುಳಿತಲ್ಲಿಂದಲೇ ಕೈ ಚಾಚಿ, ಬಟಾಣಿಯ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು.