ಗೀಟು ಹಾಕಿದ ವಿಳಾಸ

ಇವತ್ತು ಬೆಳಿಗ್ಗೆ ಮೇಜಿನ ಡ್ರಾವರ್ ಖಾಲಿ ಮಾಡುತ್ತಿದ್ದೆ. ಹಳೆಯ ಲಗ್ನಪತ್ರಿಕೆಗಳ ಅಡಿಯಿಂದ ನೀಲಿ ಇನ್‌ಲ್ಯಾಂಡ್ ಪತ್ರವೊಂದು ಹೊರಬಂತು ನೋಡಿ, ಒಬ್ಬಳೇ ನಕ್ಕುಬಿಟ್ಟೆ. ಮುಂಬಯಿಗೆ ಹೋಗಿ, ‘ಮನೆ ಬಿಟ್ಟಿದ್ದಾರೆ’ ಎಂಬ ಷರಾ ಹೊತ್ತು, ಒಡೆಯದೆಯೇ ಕುಂದಾಪುರಕ್ಕೆ ಮರಳಿದ ಪತ್ರ. ಅಕ್ಕನಿಗೆ ಅದನ್ನು ಬರೆದವರು ನಿವೃತ್ತ ಪೋಸ್ಟ್‌ಮ್ಯಾನ್ ಮಂಜಣ್ಣ. ಪೋಸ್ಟ್‌ಮ್ಯಾನ್ ಬರೆದ ಪತ್ರವೇ ವಾಪಸು ಬರುವುದೆಂದರೆ! ಆ ಅವಮಾನಕ್ಕೆ ಅವರು ಎರಡು ದಿನ ಪೇಟೆಗೇ ಬಂದಿರಲಿಲ್ಲ.

ಆಗ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಡಿಟಿಪಿ ಅಂಗಡಿ. ಮೂರನೆಯ ದಿನ ಮಂಜಣ್ಣ ಕೊಡೆ ಮಡಚಿ ಒಳಗೆ ಬಂದವರೇ ಈ ಪತ್ರವನ್ನು ನನ್ನ ಮೇಜಿನ ಮೇಲೆ ಕುಕ್ಕಿದರು.

“ಕಾಣ್ ಮಾರಾಯ್ತಿ, ಆರ್ ತಿಂಗಳಿಂದ ಅಕ್ಕನ ಸುದ್ದಿ ಇಲ್ಲ. ಮನಿ ಬದ್ಲ್ ಮಾಡಿತ್ ಅಂಬ್ರ್. ಫೋನ್ ಮಾಡ್ರೆ ಕಿವಿ ಕೇಂತಿಲ್ಲ. ಅಕ್ಕನ ಮೊಮ್ಮಗಳ ಈ-ಮೇಲ್ ಸಿಕ್ತ್. ಅಕ್ಕಂಗೆ ಕನ್ನಡ ಬಿಟ್ರೆ ಬೇರೆ ಓದುಕ್ ಬತ್ತಿಲ್ಲ. ಕನ್ನಡದಾಗೇ ಬರೀಕ್, ನಾನೇ ಬರೀಕ್.”

ಇಲ್ಲೇ ಬಂತು ತೊಡಕು. ನಾನು ಲಗ್ನಪತ್ರಿಕೆಗೆ ಬಳಸುತ್ತಿದ್ದ ಅಕ್ಷರಗಳು ಇನ್ನೊಬ್ಬರ ಕಂಪ್ಯೂಟರ್ ತಲುಪಿದರೆ ಚಿತ್ರವಿಚಿತ್ರ ಗೆರೆಗಳಾಗುತ್ತಿದ್ದವು. ಎಲ್ಲ ಕಡೆ ಕಾಣುವ ಕನ್ನಡ ಬೇಕೆಂದರೆ ಒಂದು ಮುಕ್ತ ತಂತ್ರಾಂಶವಿತ್ತು. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ಅಂತರ್ಜಾಲದಲ್ಲಿ ಅದರ ಮಾಹಿತಿ ಪುಟದಲ್ಲಿ ‘ಇಲ್ಲಿಂದ ಇಳಿಸಿಕೊಳ್ಳಿ’ ಎಂಬ ಕೊಂಡಿಯಿತ್ತು. ಒತ್ತಿದೆ. ಬೋಳುತಲೆಗೆ ಎಣ್ಣೆ ಮಾರುವವರ ಪುಟ ತೆರೆಯಿತು. ಮಂಜಣ್ಣ ತಮ್ಮ ತಲೆ ಸವರಿಕೊಂಡರು.

“ಇದ್ ಸತ್ತ ಕೊಂಡಿ ಮಂಜಣ್ಣ, ಎಂತ ಮಾಡುಕೂ ಆತಿಲ್ಲ” ಎಂದೆ.

“ಸತ್ತದ್ದಲ್ಲ, ಮನಿ ಬದ್ಲ್ ಮಾಡದ್ದ್. ಪಕ್ಕದ್ಮನಿಯರ್ ಹತ್ರ ಕೇಣ್!”

ಅಲ್ಲ, ನಮ್ಮೂರಿನವರು ದಾರಿ ಹೇಳುವುದೇ ಹಾಗಲ್ಲವೇ? ಕೋಟೇಶ್ವರದಲ್ಲಿ ಇಂದಿಗೂ ನನಗೆ ‘ಹಿಂದೆ ಹಂಚಿನ ಅಂಗಡಿ ಇದ್ದಲ್ಲಿ ಇಳಿ’ ಎನ್ನುತ್ತಾರೆ. ಅಂಗಡಿ ಹೋಗಿ ಎಷ್ಟು ವರ್ಷವಾಯಿತೋ, ಬಸ್ಸಿನ ಕಂಡಕ್ಟರ್ ಮಾತ್ರ ಸರಿಯಾಗಿ ಅಲ್ಲೇ ಇಳಿಸುತ್ತಾನೆ. ಇರಲಿ, ಪಕ್ಕದ ಮನೆಯವರೆಂದರೆ ಆ ತಂತ್ರಾಂಶದ ಬಳಕೆದಾರರ ಗುಂಪು. ಅಲ್ಲಿ ಕೇಳಿದೆ. ಒಬ್ಬ ಪುಣ್ಯಾತ್ಮ ಮರುದಿನವೇ ತಂತ್ರಾಂಶ ಸಿಗುವ ಹೊಸ ವಿಳಾಸ ಕೊಟ್ಟ, ಇಳಿಸಿಕೊಂಡೆ.

ಮಂಜಣ್ಣ ಒಂದೇ ಬೆರಳಿನಲ್ಲಿ ನಾಲ್ಕು ಸಾಲು ಬರೆಯಲು ಮಧ್ಯಾಹ್ನದ ಊಟ ಬಿಟ್ಟರು. ವಾರದೊಳಗೆ ಉತ್ತರ ಬಂತು. ಅಕ್ಕ ಕೈಯಾರೆ ಬರೆದದ್ದನ್ನು ಮೊಮ್ಮಗಳು ಸ್ಕ್ಯಾನ್ ಮಾಡಿ ಕಳಿಸಿದ್ದಳು: “ಪೋಸ್ಟ್‌ಮ್ಯಾನ್ ಆಯ್ಕಂಡ್ ನನ್ ಮನಿ ಹುಡ್ಕುಕೆ ಆರ್ ತಿಂಗಳ್ ಬೇಕಾಯ್ತಾ ನಿಂಗೆ?” ಮಂಜಣ್ಣ ಓದಿದರು, ಕನ್ನಡಕ ಒರೆಸಿದರು, ಮತ್ತೆ ಓದಿದರು.

ನಾನು ಅಷ್ಟಕ್ಕೇ ಕೈತೊಳೆದುಕೊಳ್ಳುವವಳು. ಅವರು ಬಿಡಲಿಲ್ಲ. “ನಮ್ ಕೆಲ್ಸ ಆಯ್ತ್ ಅಂದ್ಹೇಳಿ ಸುಮ್ನೆ ಕೂಕಂಬುದಾ? ನಾಳೆ ಬಪ್ಪವ ಎಂತ ಮಾಡ್ಕ್? ಆ ಪುಟ ಸಮ ಮಾಡ್.”

ಮಾಡಿದೆವು, ಅಂಚೆಯ ಕ್ರಮದಲ್ಲೇ! ಹಳೆಯ ಕೊಂಡಿಗೆ ಅಡ್ಡ ಗೀಟು, ಪಕ್ಕದಲ್ಲಿ ಹೊಸತು, ‘ಹಿಂದೆ ಅಲ್ಲಿತ್ತು, ಈಗ ಇಲ್ಲಿದೆ’ ಎಂಬ ಒಕ್ಕಣೆ. ಜೊತೆಗೆ ‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾಗುವ ನನ್ನ ಇಂಗ್ಲಿಷ್ ಮನವಿ. ಎಲ್ಲಿಯವರೋ ಏನೋ, ಆ ಪುಟ ನೋಡಿಕೊಳ್ಳುವ ನಿರ್ವಾಹಕರು ತುಂಬ ಸೌಜನ್ಯದಿಂದ ಉತ್ತರಿಸಿದರು: ಧನ್ಯವಾದ, ಆದರೆ ಹಳೆಯದನ್ನು ಪೂರ್ತಿ ತೆಗೆಯಿರಿ.

ಮಂಜಣ್ಣ ಕೆರಳಿದರು. “ಹಳೆ ವಿಳಾಸ ಅಳ್ಸುದಾ? ಎಲ್ಲಿಂದ ಬಂತ್ ಅಂದ್ಹೇಳಿ ಹ್ಯಾಂಗ್ ಗೊತ್ತಾಪುದ್?”

ಅದನ್ನೂ ಕೇಳಿ ಬರೆದೆ. ನಿರ್ವಾಹಕರು ಆ ಪುಟದ ಚರಿತ್ರೆಯನ್ನು ತೋರಿಸಿಕೊಟ್ಟರು. ಯಾರು, ಯಾವತ್ತು, ಏನು ತೆಗೆದು ಏನು ಸೇರಿಸಿದರು, ಎಲ್ಲವೂ ಅಲ್ಲಿ ಜೋಪಾನವಾಗಿತ್ತು. ಮಂಜಣ್ಣನ ಮುಖ ಅರಳಿತು. “ಹ್ವಾಯ್, ಇವ್ರೂ ನಮ್ಮವ್ರೇ!” ಎಂದವರೇ ಅಳಿಸಲು ಅಪ್ಪಣೆ ಕೊಟ್ಟರು.

ಪತ್ರ ಕೈಯಲ್ಲಿ ಹಿಡಿದೇ ಇವತ್ತು ಆ ಪುಟ ತೆರೆದೆ. ನಾವು ಹಾಕಿದ ಕೊಂಡಿ ಅಲ್ಲಿರಲಿಲ್ಲ, ಬೇರೆಯೇ ಇತ್ತು. ಚರಿತ್ರೆ ನೋಡಿದರೆ ನಮ್ಮ ಸಾಲಿನ ಮೇಲೆ ಆಮೇಲೆ ತಿದ್ದಿದವರ ಇನ್ನೂ ನಾಲ್ಕು ಹೆಸರು, ಒಬ್ಬರೂ ಗುರುತಿನವರಲ್ಲ. ಕೂಡಲೇ ಫೋನ್ ಮಾಡಿದೆ.

“ಮಂಜಣ್ಣ, ನಮ್ಮ ವಿಳಾಸಕ್ಕೆ ಯಾರೋ ಗೀಟ್ ಹಾಕಿರ್!”

ಫೋನ್ ಅದುರುವಷ್ಟು ನಗು. “ಹಂಗಾರೆ ನಾಳೆ ಬಪ್ಪವ ಬಂದ ಅಲ್ದಾ!”

ಡ್ರಾವರಿನಲ್ಲಿ ಸಿಕ್ಕ ಪತ್ರದ ವಿಷಯ ಹೇಳಿದೆ. “ಅಕ್ಕ ಇನ್ನೂ ಗಟ್ಟಿ ಇತ್ತ್ ಮಾರಾಯ್ತಿ. ಅದ್ನ ಎಂತಕ್ ಇಟ್ಕಂಡಿದ್ದೆ? ಕಳ್ಸ್. ಓದಿ ಬೈಲಿ” ಎಂದು ಅಕ್ಕನ ಈಗಿನ ವಿಳಾಸ ಹೇಳಿದರು.

ಪತ್ರದ ಮೇಲಿನ ಹಳೆಯ ವಿಳಾಸಕ್ಕೆ ಒಂದೇ ಒಂದು ಗೀಟು ಎಳೆದೆ, ಕೆಳಗಿನ ಅಕ್ಷರ ಓದಲು ಬರುವ ಹಾಗೆ. ಪಕ್ಕದಲ್ಲಿ ಹೊಸತು ಬರೆದು, ಹೊಸ ಸ್ಟಾಂಪ್ ಅಂಟಿಸಿ, ಈಗಷ್ಟೇ ಡಬ್ಬಿಗೆ ಹಾಕಿ ಬಂದೆ.