ಕೆರೆ ತುಂಬಿದರೆ ವಾಪಸ್ ಕೊಡಬೇಕು

ಹೊಂಗೆ ಎಣ್ಣೆಯ ಕಹಿ ವಾಸನೆ ಎಲ್ಲಿಂದಲಾದರೂ ಬಂದರೆ ಸಾಕು, ಗೌನಿಪಲ್ಲಿ ಕಡೆಯ ನಮ್ಮ ಹಳೆಯ ಮನೆಯ ಕೊಟ್ಟಿಗೆ ಕಣ್ಣೆದುರು ನಿಲ್ಲುತ್ತದೆ. ಅಲ್ಲಿ ಹಸುಗಳ ಪಕ್ಕದಲ್ಲೇ ದೊಡ್ಡಪ್ಪನ ಮೀನಿನ ದೋಣಿ ಇರುತ್ತಿತ್ತು. ಮುದಿ ಮಾವಿನ ಮರದ ಬೊಡ್ಡೆ ಕೊರೆದು ಅವರ ಅಪ್ಪ ಮಾಡಿದ್ದು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕೆರೆ ಬತ್ತಿ, ಮನೆಯವರೆಲ್ಲ ಹಿಪ್ಪುನೇರಳೆ ಸೊಪ್ಪಿನ ಹಿಂದೆ ಬಿದ್ದಿದ್ದರು. ದೊಡ್ಡಪ್ಪ ಮಾತ್ರ ಪ್ರತಿ ಬೇಸಿಗೆ ದೋಣಿಗೆ ಹೊಂಗೆ ಎಣ್ಣೆ ಹಚ್ಚುತ್ತಿದ್ದರು. "ಹೆಂಡ್ತಿ ತಲೆಗೆ ಒಂದಿನಾನೂ ಎಣ್ಣೆ ಹಚ್ಚಿದೋರಲ್ಲ ಕಣೇ," ಎಂದು ದೊಡ್ಡಮ್ಮ ನನಗೆ ಕಣ್ಣು ಮಿಟುಕಿಸುತ್ತಿದ್ದಳು. ದೋಣಿಯಲ್ಲಿ ಕೋಳಿ ಮೊಟ್ಟೆಯಿಟ್ಟರೂ ಅವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಕೆರೆ ಮತ್ತೆ ತುಂಬುತ್ತದೆ ಎಂದು ನಂಬಿದ್ದವರು ಆ ಮನೆಯಲ್ಲಿ ಅವರೊಬ್ಬರೇ.

ಎಷ್ಟು ಎಣ್ಣೆ ಹಚ್ಚಿದರೂ ಗೆದ್ದಲು ಹತ್ತಿದಾಗ ಅವರು ಸೋತರು. ಪಟ್ಟಣದ ಕಾಲೇಜು ಮೇಷ್ಟ್ರೊಬ್ಬರು ಹಳೆಯ ಸಾಮಾನು ಕೂಡಿಸಿ ಪುಟ್ಟ ಮ್ಯೂಸಿಯಂ ಮಾಡುತ್ತಿದ್ದರು. ಹುಳ ಬೀಳದಂತೆ ಕಾಪಾಡುತ್ತೇನೆಂದು ದೋಣಿ ಕೇಳಿದರು. "ಕೊಡ್ತೀನಿ ಸಾರ್. ಆದ್ರೆ ಕೆರೆ ತುಂಬಿದ್ರೆ ವಾಪಸ್ ಕೊಟ್ಬಿಡ್ಬೇಕು," ಎಂದರು ದೊಡ್ಡಪ್ಪ. ಮೇಷ್ಟ್ರು ನಗುತ್ತಾ ಒಪ್ಪಿದರು. ಲಾರಿ ಹೋದ ಮೇಲೆ ಬರಿದಾದ ಕೊಟ್ಟಿಗೆ ನೋಡಿ ನನಗೆ ಅಳು ಬಂತು.

ಕೆಲವು ವರ್ಷಗಳ ನಂತರ, ಯಾರೂ ಎಣಿಸದಿದ್ದಾಗ, ಕೆರೆ ಕೋಡಿ ಬಿತ್ತು. ದೊಡ್ಡಪ್ಪ ಹಬ್ಬದ ಪಂಚೆ ಉಟ್ಟು, ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದರು. ಕೆರೆ ತುಂಬಿತೆಂದು ಪಕ್ಕದವರಿಗೆಲ್ಲ ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ ಹೇಳಿಕೊಂಡೇ ಬಂದರು. ಮ್ಯೂಸಿಯಂನಲ್ಲಿ ದೋಣಿ ವಾರ್ನಿಷ್ ಬಳಿಸಿಕೊಂಡು ಮಿರಮಿರ ಮಿಂಚುತ್ತಿತ್ತು. ದೊಡ್ಡಪ್ಪ ಒಳಗೆ ಕೈಯಾಡಿಸಿದರು. ಕೈ ಒಂದು ಕಡೆ ನಿಂತುಬಿಟ್ಟಿತು. ತಳವನ್ನು ಅಲ್ಲಲ್ಲಿ ಕೊರೆದು, ಬೋಲ್ಟು ಹಾಕಿ, ದೋಣಿಯನ್ನು ಸಿಮೆಂಟು ಕಟ್ಟೆಗೆ ಬಿಗಿದಿದ್ದರು. "ಮಕ್ಕಳು ಹತ್ತಿ ಬೀಳಿಸ್ತಾರೆ ಅಂತ ಮಾಡಿಸ್ದೆ," ಎಂದ ಮೇಷ್ಟ್ರ ಮುಖ ಸಣ್ಣದಾಯಿತು. "ನೀವು ನಿಜವಾಗ್ಲೂ ಬರ್ತೀರಿ ಅಂದ್ಕೊಂಡಿರ್ಲಿಲ್ಲ."

ಜಗಳವಾಡುತ್ತಾರೆಂದು ನಾನು ಹೆದರಿದ್ದೆ. ದೊಡ್ಡಪ್ಪ, "ಚೆನ್ನಾಗಿ ನೋಡ್ಕೊಂಡಿದೀರ ಸಾರ್," ಎಂದಷ್ಟೇ ಹೇಳಿ ಹೊರಗೆ ಬಂದರು. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು ಎಂದು ಈಗಲೂ ಸಂಕಟವಾಗುತ್ತದೆ. ಆ ಮನೆ ಇಂದಿಲ್ಲ, ಅದರಲ್ಲಿದ್ದವರಿಲ್ಲ, ಕೆರೆಯಂತೂ ಆ ವರ್ಷದ ನಂತರ ಮತ್ತೆ ತುಂಬಲಿಲ್ಲ. ಇಂಥದ್ದೊಂದು ಕೆರೆ ನಿಮ್ಮ ನೆನಪಿನಲ್ಲೂ ಇದ್ದೀತು. ಅಂದು ಸಂಜೆ ವಾಪಸ್ ಬರುವಾಗ, ಬಸ್ಸು ನಮ್ಮ ಕೆರೆಯ ಏರಿಯ ಮೇಲೆ ಬಂದಾಗ ಜನರೆಲ್ಲ ನೀರು ನೋಡಲು ಕಿಟಕಿಗೆ ಮುಗಿಬಿದ್ದರು. ದೊಡ್ಡಪ್ಪ ತಮ್ಮ ಕಿಟಕಿಯ ಜಾಗವನ್ನು ಯಾರಿಗೋ ಬಿಟ್ಟುಕೊಟ್ಟು, ಆಚೆ ಬದಿಗೆ ಹೋಗಿ ಹೊಲಗಳ ಕಡೆ ಮುಖ ಮಾಡಿ ಕುಳಿತರು. ಅಷ್ಟು ವರ್ಷ ತಾವು ಕಾಯುತ್ತಿದ್ದ ನೀರನ್ನು ಅವರು ತಿರುಗಿ ನೋಡಲಿಲ್ಲ.