ಕಿಟಕಿಯಿಂದ ಹಾಕಿದ ಟವೆಲ್

ಮಗಳು ಸುಮಾಗೆ ಆಗ ಹದಿನಾಲ್ಕು. ಒಮ್ಮೆ ಹೇಳಿಕೊಟ್ಟಿದ್ದೇ ಅವಳಿಗೆ ಕಾನೂನು. ಇದಕ್ಕೆ ಆಟಿಸಂ ಅಂತಾರೆ ಅಂತ ಎಂಬತ್ತರ ದಶಕದ ತುಮಕೂರಲ್ಲಿ ಯಾರಿಗೆ ಗೊತ್ತಿತ್ತು? ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿದವರದೇ ಸೀಟು ಅಂತ ಹೇಳಿಕೊಟ್ಟವಳು ನಾನೇ.

ಅವತ್ತು ತಿಪಟೂರು ಬಸ್ಸಿನಲ್ಲಿ ಅವಳ ಪಕ್ಕದ ಸೀಟಿನ ಮೇಲೆ ಯಾರದೋ ಟವೆಲ್ ಇತ್ತು. ಬಸ್ಸು ಹೊರಟರೂ ಟವೆಲಿನವರ ಪತ್ತೆಯಿಲ್ಲ. ಕೂರಲು ಬಂದವರನ್ನೆಲ್ಲ ಸುಮಾ ತಡೆದಳು, ಬ್ಯಾಗು ಹೊತ್ತು ನಿಂತಿದ್ದ ನನ್ನನ್ನೂ.

"ಏನಮ್ಮಾ, ಟವೆಲ್‌ಗೂ ಟಿಕೆಟ್ ಹರೀಲಾ?" ಅಂದ ಕಂಡಕ್ಟರ್.

"ಬೇಡ. ಅವ್ರು ಬಂದ್ಮೇಲೆ ತಗೋತಾರೆ," ಅಂದಳು ಸುಮಾ. ಬಸ್ಸೆಲ್ಲ ನಕ್ಕಿತು. ನಾನು ತಲೆ ಎತ್ತಲಿಲ್ಲ.

ಗುಬ್ಬಿಯಲ್ಲಿ ಬಸ್ಸು ನಿಂತಾಗ, ಹಿಂದೆ ಜನರ ಮಧ್ಯೆ ಸಿಕ್ಕಿಕೊಂಡಿದ್ದ ಅಜ್ಜ ಒಬ್ಬರು ನುಗ್ಗಿಕೊಂಡು ಬಂದರು.

"ನಂದೇ ಕಣವ್ವಾ ಟವೆಲ್ಲು! ಇಷ್ಟ್ ವರ್ಷದಲ್ಲಿ ನಂಗೆ ಸೀಟು ಉಳಿದಿದ್ದು ಇದೇ ಮೊದ್ಲು."

ಇಳಿಯುವ ಊರು ಬಂದಿದ್ದರೂ ಒಂದು ಗಳಿಗೆ ಕೂತೇ ಇಳಿದರು.

ಸದ್ಯ ಅಂತ ನಾನು ಕೂರಲು ಹೋದೆ.

"ಅಮ್ಮಾ, ನಿನ್ ಟವೆಲ್ ಎಲ್ಲಿ?"

ಕೆಳಗಿಳಿದು, ಕಿಟಕಿಯಿಂದ ಕರ್ಚೀಫು ಹಾಕಿ, ಮತ್ತೆ ಹತ್ತಿ ಬಂದು ಕೂತೆ. ಅಲ್ಲಿಯವರೆಗೂ ಕಂಡಕ್ಟರ್ ವಿಸಲ್ ಬಾಯಲ್ಲಿಟ್ಟುಕೊಂಡು, ಊದದೆ, ಸುಮಾ ಮುಖವನ್ನೇ ನೋಡುತ್ತಿದ್ದ.